ಹಸಿವಿನ ಪದ್ಯ, ಅಡುಗೆಯಮ್ಮನ ಕೈ

ನಮ್ಮ ಜಿಲ್ಲೆಯ ಹುಡುಗರು ಬರೆಯೋ ಹಸಿವಿನ ಪದ್ಯಗಳಲ್ಲಿ ಹೊಟ್ಟೆಗೆ ಬೆಂಕಿ ಬೀಳುತ್ತೆ, ಚಂದ್ರ ರೊಟ್ಟಿಯಾಗ್ತಾನೆ. ಕೋಲಾರದಲ್ಲಿ ರೊಟ್ಟಿ ಎಲ್ಲಿಂದ ಬಂತು ಸ್ವಾಮಿ, ನಾವು ತಿನ್ನೋದು ಮುದ್ದೆ. ಅದಿರಲಿ. ಈ ಪದ್ಯಗಳಲ್ಲಿ ಬೇಯಿಸಿದವರ ಕೈ ಕಾಣೋದೇ ಇಲ್ಲ, ಅದು ನನ್ನ ತಕರಾರು.

ದೇವನೂರ ಮಹಾದೇವರ ‘ಒಡಲಾಳ’ ನೋಡಿ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಕೂತು ರಾತ್ರಿಯಿಡೀ ತಿಂತಾರೆ. ಹಸಿವಿನ ಮೇಲೆ ಯಾರೂ ಭಾಷಣ ಬಿಗಿಯೋದಿಲ್ಲ. ಪೊಲೀಸರು ಬಂದಾಗ ಸಿಪ್ಪೆಯೂ ಸಿಗೋದಿಲ್ಲ.

ಮುಳಬಾಗಿಲು ತಾಲೂಕಿನ ಕಗ್ಗನಹಳ್ಳಿ ಶಾಲೆಯ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂತು. ಬಿಸಿಯೂಟ ಬೇಯಿಸೋ ಹೆಣ್ಣುಮಗಳು ದಲಿತರವಳು ಅಂತ ಮಕ್ಕಳನ್ನು ಶಾಲೆ ಬಿಡಿಸಿದರು. 118 ಮಕ್ಕಳಲ್ಲಿ ನೂರು ಮಕ್ಕಳು ಹೋದರು ಅಂತ ವರದಿ. ಈ ಅಡುಗೆ ಕೆಲಸದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿತ್ತು. ಅನ್ನ ಇತ್ತು, ಆದೇಶವೂ ಇತ್ತು. ಬರೀ ಹಸಿವನ್ನು ಬರೆಯೋ ಪದ್ಯಕ್ಕೆ ಈ ಊರು ದಕ್ಕೋದಿಲ್ಲ.

2021ರ ಡಿಸೆಂಬರಿನಲ್ಲಿ ಶಾಲೆಯ ಮೊಟ್ಟೆಗೆ ಮಠಾಧೀಶರು ಅಡ್ಡ ಬಂದಾಗ, ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂದರು ಗಂಗಾವತಿಯ ಶಾಲಾ ಹುಡುಗಿಯರು. ಯಾವ ಕವಿಯೂ ಹೇಳಿಕೊಟ್ಟದ್ದಲ್ಲ. ಅದು ಹಕ್ಕಿನ ದನಿ. ನಮ್ಮ ಪದ್ಯಗಳು ಇನ್ನೂ ತುತ್ತು ಬೇಡ್ತಾ ನಿಂತಿವೆ.

ಮಾಲೂರು, ಶ್ರೀನಿವಾಸಪುರದ ಹಾಸ್ಟೆಲುಗಳ ಗೆಳೆಯರೇ, ಮುಂದಿನ ಕವಿಗೋಷ್ಠಿಗೆ ಮುಂಚೆ ಒಂದು ಮಧ್ಯಾಹ್ನ ನಿಮ್ಮೂರ ಶಾಲೆಗೆ ಹೋಗಿ. ಯಾರು ಬೇಯಿಸ್ತಾರೆ, ಯಾರು ಬಡಿಸ್ತಾರೆ, ಯಾವ ಮಗು ಮನೆಯಿಂದ ಬುತ್ತಿ ತರುತ್ತೆ, ಯಾಕೆ ತರುತ್ತೆ, ನೋಡಿ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನೇ ಎದ್ದು ನಿಂತು ಕೇಳಿ. ಮೇಷ್ಟ್ರುಗಳೂ ಅದೇ ಸಾಲಿನಲ್ಲಿ ಕೂತು ಉಂಡರೆ ಇನ್ನೂ ಒಳ್ಳೇದು.