ಎಲ್ಲೆಯ ಸಾಲು ಬಿಟ್ಟರೆ ಹಳ್ಳವೂ ಹೋಯ್ತು

ಶಾಸನದ ಸಾರ ಬರೆಯುವಾಗ ನಾವು ಹವ್ಯಾಸಿಗಳು ಮಾಡೋ ಒಂದು ತಪ್ಪಿದೆ. ನಾನೂ ಮಾಡಿದ್ದೇನೆ. ರಾಜನ ಬಿರುದು, ಶಕವರ್ಷ, ದಾನಿ, ದೇವರು, ಇಷ್ಟು ಮತ್ತರು ಭೂಮಿ ಅಂತ ಬರೆದು, ಎಲ್ಲೆ ಹೇಳುವ ಸಾಲುಗಳನ್ನು ‘ಇತ್ಯಾದಿ’ಯಲ್ಲಿ ಮುಗಿಸಿಬಿಡ್ತೇವೆ. ಮೂಡಲು ಹಳ್ಳ, ತೆಂಕಲು ಕೆರೆಯ ಕೋಡಿ: ನೀರಿನ ದಾರಿ ಸಿಗೋದೇ ಅಲ್ಲಿ.

ಹೋದ ವರ್ಷ ಶಹಾಪುರದ ಹೊರಗೆ ಮನೆ ಕಟ್ಟಲು ನಿವೇಶನ ನೋಡಿದಾಗ ಇದು ತಟ್ಟಿತು. ಸರ್ವೆ ನಕ್ಷೆಯಲ್ಲಿ ಡೊಂಕು ಹಳ್ಳ, ಬಿ-ಖರಾಬು; ಲೇಔಟ್ ನಕ್ಷೆಯಲ್ಲಿ ಅದೇ ಜಾಗದಲ್ಲಿ ನೇರ ರಸ್ತೆ. ನಾವು ಸಾರದಲ್ಲಿ ಬಿಟ್ಟ ಹಾಗೇ ಅವರು ನಕ್ಷೆಯಲ್ಲಿ ಬಿಟ್ಟಿದ್ದರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ, ಖಾಸಗಿ ಹಕ್ಕು ಸಾಬೀತಾಗದ ಹೊರತು ಹಳ್ಳ, ಕೆರೆ, ಕಾಲುವೆ ಎಲ್ಲ ಸರ್ಕಾರದ್ದು. ಮುಂಗಡ ಕೊಡದೆ ವಾಪಸು ಬಂದೆ.

ಹಾಗಂತ ಶಾಸನವೇ ಹಕ್ಕುಪತ್ರ ಅನ್ನೋದೂ ತಪ್ಪು. ಎಲ್ಲೆಯಲ್ಲಿ ಹಳ್ಳ ಬಂದರೆ ದಾನದ ಭೂಮಿ ಅಲ್ಲಿಗೆ ಮುಗೀತು ಅಂತಷ್ಟೇ ಅರ್ಥ. ಹಳ್ಳ ಯಾರದು ಅಂತ ಅದು ಹೇಳೋದಿಲ್ಲ. ಕೆರೆ ಕಟ್ಟಿಸಿದವರ ಹೆಸರೂ ಅಷ್ಟೇ. ಸುರಪುರದ ಬೋನಾಳ ಕೆರೆಯನ್ನು ಕಟ್ಟಿಸಿದವನು ಪಾಮನಾಯಕ, 19ನೇ ಶತಮಾನದಲ್ಲಿ ಸುಧಾರಿಸಿದವನು ಮೆಡೋಸ್ ಟೇಲರ್. ಕಟ್ಟಿಸೋದು ಬೇರೆ, ಒಡೆತನ ಬೇರೆ. ಕೆರೆಗೊಡಗೆ ಅಂದರೂ ಕೆರೆ ನೋಡಿಕೊಳ್ಳುವುದಕ್ಕೆ ಬಿಟ್ಟ ಭೂಮಿ, ಕೆರೆಯ ದಾನವಲ್ಲ.

ಯಾದಗಿರಿ ಜಿಲ್ಲೆಯ ಶಾಸನ ಓದುವ ಗೆಳೆಯರಲ್ಲಿ ಒಂದೇ ಕೋರಿಕೆ: ಎಲ್ಲೆಯ ಸಾಲು ಪೂರ್ತಿ ಕೊಡಿ, ಗುರುತು ಸಿಕ್ಕರೆ ಪಕ್ಕದಲ್ಲಿ ಇವತ್ತಿನ ಸರ್ವೆ ನಂಬರ್ ಬರೀರಿ. ಅಲ್ಲೊಂದು ಹಳ್ಳ ಇತ್ತು ಅನ್ನೋದಕ್ಕಾದರೂ ಸಾಕ್ಷಿ ಉಳಿಯಲಿ.