ಹಲವು ಸಂದೇಶಗಳ ಪ್ರಸಾರ: ಒಂದು ವಿಮರ್ಶೆ

ಜಾಲವೊಂದರಲ್ಲಿ ಸುದ್ದಿಯನ್ನು ಹರಡುವ ಸಮಸ್ಯೆಯನ್ನು ಗ್ರಾಫ್ ಸಿದ್ಧಾಂತವು ಬಿಂದು, ಗೆರೆಗಳಿಂದ ನಿರೂಪಿಸುತ್ತದೆ. ಒಂದು ಸುತ್ತಿನಲ್ಲಿ ಒಂದು ಬಿಂದುವು ಒಂದೇ ನೆರೆಬಿಂದುವಿನೊಡನೆ ಮಾತನಾಡಬಹುದು. ಒಂದು ಕರೆಯಲ್ಲಿ ಒಂದು ಸಂದೇಶವನ್ನಷ್ಟೇ ಕೊಡಬಹುದು. (1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯ ಪ್ರಸಾರ ಇಂಥದಲ್ಲ, ಅಲ್ಲಿ ಒಂದು ಮಾತನ್ನು ಎಲ್ಲರೂ ಏಕಕಾಲಕ್ಕೆ ಕೇಳುತ್ತಾರೆ.) ಬಲ್ಲವರ ಸಂಖ್ಯೆ ಪ್ರತಿ ಸುತ್ತಿನಲ್ಲಿ ಹೆಚ್ಚೆಂದರೆ ಇಮ್ಮಡಿಯಾಗುವುದರಿಂದ 8 ಬಿಂದುಗಳಿಗೆ ಒಂದು ಸಂದೇಶ ಮುಟ್ಟಲು 3 ಸುತ್ತುಗಳು ಬೇಕು. ಸಂದೇಶಗಳು 5 ಆದರೆ, ಕೊನೆಯದು 5ನೆಯ ಸುತ್ತಿಗೆ ಮೊದಲು ಹೊರಡಲಾರದು. ಆದುದರಿಂದ 7 ಸುತ್ತುಗಳಿಗಿಂತ ಕಡಿಮೆಯಲ್ಲಿ ಕೆಲಸ ಮುಗಿಯದು. ಎಲ್ಲರೂ ಎಲ್ಲರನ್ನೂ ಕರೆಯಬಲ್ಲ ಜಾಲದಲ್ಲಿ, ಬಿಂದುಗಳ ಸಂಖ್ಯೆ ಸಮವಾಗಿದ್ದಾಗ ಅತ್ಯುತ್ತಮ ಕ್ರಮ ಯಾವುದೆಂಬುದನ್ನು ಬಾರ್‌ನಾಯ್, ಕಿಪ್ನಿಸ್, ಶೀಬರ್ ಅವರ 2000ದ ಪ್ರಬಂಧ ತೋರಿಸಿಕೊಟ್ಟಿತು.

ಫಲಿತಾಂಶ ಸುಂದರವಾದುದು. ಆದರೆ ಎಲ್ಲರಿಗೂ ಎಲ್ಲರ ನಂಟಿರುವ ಜಾಲ ನಮ್ಮ ಸೀಮೆಯಲ್ಲಿ ಎಲ್ಲಿದೆ? ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಕಮಲಾಪುರವನ್ನು ನಡುಬಿಂದುವಾಗಿ ಭಾವಿಸೋಣ; ಸುತ್ತಲಿನ 7 ಹಳ್ಳಿಗಳಿಗೆ ಅದರೊಡನೆ ಮಾತ್ರ ಸಂಪರ್ಕವಿರಲಿ. (ವಾಸ್ತವದ ಹಳ್ಳಿಗಳಿಗೆ ಬೇರೆ ದಾರಿಗಳೂ ಉಂಟು, ಇದು ಕಲ್ಪಿತ ಚಿತ್ರ.) ಕಲಬುರಗಿಯಿಂದ ಬಂದ 5 ಎಚ್ಚರಿಕೆಗಳನ್ನು ಹಂಚಲು ಈಗ 35 ಸುತ್ತುಗಳು ಬೇಕಾಗುತ್ತವೆ.

ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ವಿ. ಆರ್. ಕುಳ್ಳಿಯವರು ಬೆಳೆಸಿದ ಡಾಮಿನೇಷನ್ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಈ ಜಾಲದ ಡಾಮಿನೇಷನ್ ಸಂಖ್ಯೆ 1: ಕಮಲಾಪುರವೊಂದೇ ಎಲ್ಲರಿಗೂ ನೆರೆ. ವಿದ್ಯಾರ್ಥಿಗಳು ಇದನ್ನೇ ಉತ್ತಮ ಜಾಲದ ಲಕ್ಷಣವೆಂದು ಬಗೆಯುವುದುಂಟು. ಈಗ ಆರು ಹಳ್ಳಿಗಳನ್ನು ಜೋಡಿ ಮಾಡಿ ಮೂರೇ ಗೆರೆಗಳನ್ನು ಸೇರಿಸೋಣ. ನಡುಬಿಂದುವು ಜೋಡಿಗೊಂದು ಹಳ್ಳಿಗೂ ಉಳಿದ ಒಂದಕ್ಕೂ ಹೇಳಿದರೆ ಸಾಕು. 20 ಸುತ್ತುಗಳಲ್ಲಿ ಕೆಲಸ ಮುಗಿಯುತ್ತದೆ. ಡಾಮಿನೇಷನ್ ಸಂಖ್ಯೆಯಾದರೋ ಆಗಲೂ 1! ವೇಗವನ್ನು ಅದು ಅಳೆಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕುಳ್ಳಿ ಮತ್ತು ಜಾನಕಿರಾಂ ಅವರು 1997ರಲ್ಲಿ ಮಂಡಿಸಿದ ಸ್ಪ್ಲಿಟ್ ಡಾಮಿನೇಷನ್ ಇನ್ನೊಂದು ಅಪಾಯಕ್ಕೆ ಹೆಸರು ಕೊಡುತ್ತದೆ: ನಡುಬಿಂದುವನ್ನು ತೆಗೆದರೆ ಉಳಿದ ಜಾಲ ಒಡೆದುಹೋಗುತ್ತದೆ.

ಸುತ್ತುಗಳ ಮೊತ್ತವೊಂದನ್ನೇ ಎಣಿಸುವ ಪದ್ಧತಿಯ ಮೇಲೂ ನಮ್ಮ ಆಕ್ಷೇಪವಿದೆ. ಮೂರು ಗೆರೆಗಳಿಲ್ಲದ ಮೊದಲಿನ ಜಾಲದಲ್ಲಿ, ಒಂದೊಂದು ಸಂದೇಶವನ್ನು ಎಲ್ಲ ಹಳ್ಳಿಗಳಿಗೂ ಮುಟ್ಟಿಸಿ ಮುಂದಿನದಕ್ಕೆ ಹೋದರೆ ಕೊನೆಯ ಹಳ್ಳಿಗೆ ಮೊದಲ ಎಚ್ಚರಿಕೆ 7ನೆಯ ಸುತ್ತಿನಲ್ಲಿ ಸಿಗುತ್ತದೆ. ಒಂದೊಂದು ಹಳ್ಳಿಗೆ ಐದನ್ನೂ ಹೇಳಿ ಮುಗಿಸುತ್ತ ಹೋದರೆ ಅದೇ ಎಚ್ಚರಿಕೆ 31ನೆಯ ಸುತ್ತಿನವರೆಗೆ ಕಾಯಬೇಕು. ಮೊತ್ತ ಎರಡರಲ್ಲಿಯೂ 35. ಹಳ್ಳ ತುಂಬಿ ಬರುತ್ತಿರುವಾಗ ಆ ಕೊನೆಯ ಹಳ್ಳಿಗೆ ಇವೆರಡೂ ಒಂದೇ ಅಲ್ಲ.