ನಾಲ್ಕು ದನಿ, ಒಂದು ಬಾಗಿಲು

ಗೇಜ್ ಅವೆರಿಲ್ ಅವರ ‘ಫೋರ್ ಪಾರ್ಟ್ಸ್, ನೋ ವೇಟಿಂಗ್’ 2003ರಲ್ಲಿ ಬಂದ ಪುಸ್ತಕ. ಅಮೆರಿಕದ ಕ್ಷೌರದಂಗಡಿಗಳ ಮುಂದೆ ‘ಇಷ್ಟು ಕುರ್ಚಿಗಳಿವೆ, ಕಾಯಬೇಕಿಲ್ಲ’ ಎಂದು ಹಾಕುತ್ತಿದ್ದ ಫಲಕದ ಮೇಲಿನ ಶ್ಲೇಷೆ ಅದರ ಹೆಸರು. ನಾಲ್ಕು ಜನ ವಾದ್ಯಗಳಿಲ್ಲದೆ, ಒಂದೇ ಹಾಡನ್ನು ನಾಲ್ಕು ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡುವ ‘ಬಾರ್ಬರ್‌ಶಾಪ್’ ಶೈಲಿಯ ಸಾಮಾಜಿಕ ಚರಿತ್ರೆ ಅದರ ವಸ್ತು. ನನ್ನ ಸಂಶೋಧನೆ ಕನ್ನಡದ ಜನಪದ ಹಾಡುಗಳು ಮುದ್ರಣಕ್ಕೆ ಬಂದ ಬಗೆಯ ಕುರಿತದ್ದು. ಹಾಡನ್ನು ‘ಉಳಿಸುವುದು’ ಎಂದರೇನು ಎಂಬ ಪ್ರಶ್ನೆಯ ಬೆನ್ನು ಹತ್ತಿ ಈ ಪುಸ್ತಕಕ್ಕೆ ಹೋದೆ. ಅಲ್ಲಿ ಸಿಕ್ಕಿದ್ದು ಇನ್ನೊಂದು ಪ್ರಶ್ನೆ: ಗೆಳೆಯರು ಸುಮ್ಮನೆ ಕೂಡಿ ಹಾಡುವುದಕ್ಕೂ ಒಂದು ಸಂಘ ಬೇಕೆ? ಬೇಕಾದರೆ ಅದರ ಬಾಗಿಲಲ್ಲಿ ನಿಲ್ಲುವವರು ಯಾರು?

ಮೊದಲು ಹಾಡುಗಾರಿಕೆಯ ವಿಷಯ. ಕೂಡಿ ಹಾಡುವುದು ಎಂದರೆ ನಮ್ಮ ಕಿವಿಗೆ ಒಂದೇ ಧಾಟಿಯನ್ನು ಎಲ್ಲರೂ ಹಾಡುವುದು. ಭಜನೆ ಮಂಡಳಿಯಲ್ಲಾಗಲಿ, ಸೋಬಾನೆಯಲ್ಲಾಗಲಿ ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ನಾಲ್ಕು ದನಿಗಳ ಹೆಣಿಗೆ ಕನ್ನಡದಲ್ಲಿ ಕೇಳಬೇಕಾದರೆ ಮಂಗಳೂರಿನ ಕಡೆಯ, ಬಾಸೆಲ್ ಮಿಶನ್ನಿನ ಪರಂಪರೆಯ ಚರ್ಚುಗಳಿಗೆ ಹೋಗಬೇಕು. ಬಾರ್ಬರ್‌ಶಾಪ್‌ನಲ್ಲಿ ಧಾಟಿ ಮೇಲಿನ ದನಿಯಲ್ಲಿರುವುದಿಲ್ಲ, ಒಳಗಿನ ದನಿಯಲ್ಲಿರುತ್ತದೆ. ಅದನ್ನು ಹಾಡುವವನು ‘ಲೀಡ್’. ಅವನ ಮೇಲೆ ತೆಳುವಾಗಿ ‘ಟೆನರ್’, ತಳದಲ್ಲಿ ‘ಬೇಸ್’. ಇವರು ಮೂವರು ಬಿಟ್ಟ ಸ್ವರವನ್ನು ಹೆಕ್ಕಿಕೊಳ್ಳುವವನು ‘ಬ್ಯಾರಿಟೋನ್’. ಅವನ ಸಾಲನ್ನು ಒಂಟಿಯಾಗಿ ಕೇಳಿದರೆ ಅರ್ಥವೇ ಆಗುವುದಿಲ್ಲ. ಲೀಡ್‌ನ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಹಾರುತ್ತಿರುತ್ತದೆ. ಈ ಲೋಕದ ನಗೆಚಾಟಿಕೆಗಳೆಲ್ಲ ಬಡಪಾಯಿ ಬ್ಯಾರಿಟೋನ್‌ನ ಮೇಲೆಯೇ. ಅವನನ್ನು ತೆಗೆದುಬಿಟ್ಟರೆ ಮಾತ್ರ ಹಾಡು ಟೊಳ್ಳಾಗುತ್ತದೆ.

ಈ ನಾಲ್ವರೂ ಹುಡುಕುತ್ತಿರುವುದು ಒಂದು ಅನುಭವವನ್ನು. ಅವರ ಮಾತಿನಲ್ಲಿ ಅದು ಸ್ವರಮೇಳ ‘ರಿಂಗ್’ ಆಗುವುದು. ತಂಬೂರಿಯ ಹತ್ತಿರ ಕೂತವರಿಗೆ ಇದನ್ನು ವಿವರಿಸುವುದು ಸುಲಭ. ಜೀವಾಳ ಸರಿಯಾಗಿ ಕೂತ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿಯಿಂದ ಯಾರೂ ಮೀಟದ ಅಂತರ ಗಾಂಧಾರವೊಂದು ಏಳುತ್ತದಲ್ಲ, ಅದೇ ಭೌತಶಾಸ್ತ್ರ ಇಲ್ಲಿಯದೂ. ನಾಲ್ಕು ದನಿಗಳ ಕಂಪನಗಳು 4:5:6:7ರ ಪ್ರಮಾಣಕ್ಕೆ ಬಂದಾಗ, ಅಂದರೆ ಸೆಕೆಂಡಿಗೆ 400, 500, 600, 700 ಎಂಬಂತೆ ಹೊಂದಿಕೊಂಡಾಗ, ಅವುಗಳ ಉಪಸ್ವರಗಳು ಒಂದರ ಮೇಲೊಂದು ಕೂತು ಯಾರೂ ಹಾಡದ ಸ್ವರಗಳು ಕಿವಿಗೆ ಬೀಳುತ್ತವೆ. ನಾಲ್ವರು ಹಾಡುತ್ತಿದ್ದರೂ ಕೋಣೆಯಲ್ಲಿ ಐದನೆಯವನೊಬ್ಬ ಇದ್ದಂತೆ ಕೇಳುತ್ತದೆ. ಷಡ್ಜ, ಅಂತರ ಗಾಂಧಾರ, ಪಂಚಮ, ಜೊತೆಗೆ ನಮ್ಮ ಕೈಶಿಕಿ ನಿಷಾದಕ್ಕಿಂತಲೂ ಕೊಂಚ ಕೆಳಗಿನ ಒಂದು ನಿಷಾದ. ಆ ನಿಷಾದ ಪಿಯಾನೊದಲ್ಲಿ ಸಿಗುವುದಿಲ್ಲ. ಪಿಯಾನೊದ ಸ್ವರ ಅರ್ಧಸ್ವರದ ಸುಮಾರು ಮೂರನೇ ಒಂದು ಪಾಲಿನಷ್ಟು ಮೇಲಿರುತ್ತದೆ. ಪಕ್ಕದವನ ದನಿಗೆ ಕಿವಿ ಕೊಟ್ಟು, ತನ್ನ ದನಿಯನ್ನು ಕೂದಲೆಳೆಯಷ್ಟು ಇಳಿಸಿಯೇ ಅದನ್ನು ಹಿಡಿಯಬೇಕು. ಹಾಗಾಗಿ ಈ ಸಂಗೀತ ಮೂಲತಃ ಹಾಡುವವರಿಗಾಗಿ ಇರುವಂಥದ್ದು. ಕೇಳುಗರಿದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

1938ರ ಏಪ್ರಿಲ್ 11ರಂದು ಓಕ್ಲಹೋಮಾದ ಟಲ್ಸಾ ನಗರದಲ್ಲಿ, ಟಲ್ಸಾ ಕ್ಲಬ್ಬಿನ ಮಹಡಿಯ ಮೇಲೆ ನಡೆದದ್ದು ಇಂಥದೇ ಒಂದು ಕೂಟ. ಕರೆದವರು ತೆರಿಗೆ ವಕೀಲ ಓ. ಸಿ. ಕ್ಯಾಶ್ ಮತ್ತು ರೂಪರ್ಟ್ ಹಾಲ್. ಬಂದವರು 26 ಜನ. ಕೆಲವೇ ವಾರಗಳಲ್ಲಿ ಸುಮಾರು 150 ಜನ ಸೇರಿ, ಹೋಟೆಲಿನ ಕೆಳಗಿನ ರಸ್ತೆಯಲ್ಲಿ ವಾಹನಗಳು ನಿಂತವಂತೆ. ಕ್ಯಾಶ್ ಇಟ್ಟ ಹೆಸರು ‘ಅಮೆರಿಕದಲ್ಲಿ ಬಾರ್ಬರ್‌ಶಾಪ್ ಕ್ವಾರ್ಟೆಟ್ ಗಾಯನದ ಸಂರಕ್ಷಣೆ ಮತ್ತು ಪ್ರೋತ್ಸಾಹದ ಸಂಘ’ ಎಂಬ ಅರ್ಥದ ಉದ್ದನೆಯ ಪಟಾಲಂ. ರೂಸ್‌ವೆಲ್ಟ್ ಸರ್ಕಾರದ ಅಕ್ಷರಮಾಲೆಯಂಥ ಇಲಾಖೆಗಳನ್ನು ಅಣಕಿಸಲು ಹೊಸೆದದ್ದು. ಅಂದರೆ ಸಂಘ ಹುಟ್ಟಿದ್ದೇ ಸಂಘಗಳ ಮೇಲಿನ ಒಂದು ನಗೆಯಾಗಿ.

ನಗೆ ಗಂಭೀರವಾಗಲು ಬಹಳ ದಿನ ಹಿಡಿಯಲಿಲ್ಲ. ಮರುವರ್ಷವೇ ರಾಷ್ಟ್ರೀಯ ಸ್ಪರ್ಧೆ. ಸ್ಪರ್ಧೆಗೆ ತೀರ್ಪುಗಾರರು, ತೀರ್ಪುಗಾರರಿಗೆ ಮಾನದಂಡ, ಮಾನದಂಡಕ್ಕೆ ವ್ಯಾಖ್ಯೆ. ಯಾವ ಸ್ವರಮೇಳ ‘ನಿಜವಾದ’ ಬಾರ್ಬರ್‌ಶಾಪ್, ಯಾವುದು ಅಲ್ಲ ಎಂಬ ಶಾಸ್ತ್ರ ಬೆಳೆಯಿತು. ಕಿವಿಯಿಂದ ಹುಡುಕಿ ಹಾಡುತ್ತಿದ್ದ ಜಾಗಕ್ಕೆ ಬರೆದ ಸಂಯೋಜನೆಗಳು ಬಂದವು, ನಾಲ್ವರ ಜಾಗಕ್ಕೆ ನೂರು ಜನರ ಮೇಳಗಳು ಬಂದವು. ಹಾಡುಗಾರಿಕೆಯ ಮಟ್ಟ ಬೆರಗಾಗುವಷ್ಟು ಏರಿತೆಂಬುದು ನಿಜ. ಆದರೆ ಸಂಜೆ ಕೂಟಕ್ಕೆ ಬಂದವನಿಗೆ ಕೈಗೆ ಹಾಳೆ ಕೊಟ್ಟು, ಮುಂದಿನ ವಾರ ಕಲಿತು ಬಾ ಎನ್ನತೊಡಗಿದಾಗ ಉಳಿಸಲು ಹೊರಟ ವಸ್ತುವೇ ಬದಲಾಗಿತ್ತು. ಮಲೆ ಮಾದೇಶ್ವರನ ಕಾವ್ಯವನ್ನು ಹಾಡುವವರ ಬಾಯಲ್ಲಿ ಕೇಳಿ, ಆಮೇಲೆ ಅಚ್ಚಾದ ಸಂಪುಟ ತೆರೆದವರಿಗೆ ಈ ಕಸಿವಿಸಿ ಹೊಸದಲ್ಲ. ಸಂಪುಟ ಬೇಕೇ ಬೇಕು. ಆದರೆ ಅದು ಒಂದು ರಾತ್ರಿಯ ಹಾಡಿಕೆಯನ್ನು ‘ಪಠ್ಯ’ ಮಾಡಿಬಿಡುತ್ತದೆ.

ಸಂಘದೊಳಗೇ ಇದನ್ನು ಒಪ್ಪದವರಿದ್ದಾರೆ. ಅವರ ಆಟಕ್ಕೆ ‘ವುಡ್‌ಶೆಡ್ಡಿಂಗ್’ ಎಂದು ಹೆಸರು. ಜಾಝ್‌ನವರಿಗೆ ಆ ಪದದ ಅರ್ಥ ಸೌದೆ ಕೊಟ್ಟಿಗೆಗೆ ಹೋಗಿ ಒಬ್ಬನೇ ಸಾಧನೆ ಮಾಡುವುದು. ಬಾರ್ಬರ್‌ಶಾಪ್‌ನವರಿಗೆ ಅದರ ಅರ್ಥ ನಾಲ್ವರು ಸೇರಿ, ಹಾಳೆಯಿಲ್ಲದೆ, ಆಗಿಂದಾಗ ಸ್ವರಮೇಳ ಕಟ್ಟುವುದು. ಪದವೊಂದು ಒಂಟಿತನದಿಂದ ಕೂಟಕ್ಕೆ ಹೀಗೆ ಮಗುಚಿಕೊಂಡದ್ದು ನನಗೆ ಬಹಳ ಇಷ್ಟ. ಅಲ್ಲಿ ಧಾಟಿ ಗೊತ್ತಿರಬೇಕಾದದ್ದು ಲೀಡ್‌ಗೆ ಮಾತ್ರ. ಅವನು ಎತ್ತುತ್ತಾನೆ, ಉಳಿದ ಮೂವರು ತಡಕಾಡುತ್ತಾರೆ. ಒಂದು ಸ್ವರಕ್ಕೆ ಒಬ್ಬರೇ. ಇಬ್ಬರು ಒಂದೇ ಪಾಲಿಗೆ ಕೈಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಉಳಿದವರು ಸುತ್ತ ನಿಂತು ತಮ್ಮ ಸರದಿ ಕಾಯುತ್ತಾರೆ. ‘ಟ್ಯಾಗ್’ ಹಾಡುವುದು ಇದರ ಚಿಕ್ಕ ತಮ್ಮ: ಹಾಡಿನ ಕೊನೆಯ ಕೆಲವೇ ಸಾಲುಗಳನ್ನು ಒಬ್ಬ ಮೂವರಿಗೆ ಬಾಯಿಪಾಠ ಹೇಳಿಕೊಡುತ್ತಾನೆ, ಅರ್ಧ ನಿಮಿಷ ಹಾಡಿ ಚದುರುತ್ತಾರೆ. ದೊಡ್ಡ ಸಮಾವೇಶಗಳಲ್ಲಿ ವೇದಿಕೆಯ ಸ್ಪರ್ಧೆ ಮುಗಿದ ಮೇಲೆ ಹೋಟೆಲಿನ ಹಜಾರಗಳಲ್ಲಿ, ಮೆಟ್ಟಿಲುಗಳ ಕೆಳಗೆ ನಡುರಾತ್ರಿ ದಾಟಿದರೂ ಇದೇ ನಡೆದಿರುತ್ತದೆ.

ಇಂಥ ಕೂಟ ನಡೆಸುವುದು ಸುಲಭವಲ್ಲ. ಕಾರ್ಯಸೂಚಿ ಇಲ್ಲದಿರುವುದೇ ದೊಡ್ಡ ಕೆಲಸ. ದನಿ ದೊಡ್ಡದಿರುವವನು ವೃತ್ತವನ್ನು ನುಂಗದಂತೆ, ಸಂಕೋಚದವನು ಗೋಡೆಗೆ ಅಂಟದಂತೆ ಯಾರೋ ಒಬ್ಬರು ನೋಡಿಕೊಳ್ಳಬೇಕು. ನೋಡಿಕೊಳ್ಳುತ್ತಿರುವುದು ಕಾಣಲೂಬಾರದು.

ಅವೆರಿಲ್ ಹಳಹಳಿಕೆಯ ಮೇಲೆ ಹೆಚ್ಚು ಭಾರ ಹಾಕುತ್ತಾರೆ. ಆರ್ಥಿಕ ಕುಸಿತದ ದಶಕದಲ್ಲಿ ಮಧ್ಯಮವರ್ಗದ ಬಿಳಿಯ ಗಂಡಸರು ತಾವು ಕಳೆದುಕೊಂಡ ಸಣ್ಣ ಊರನ್ನು, ತಾರುಣ್ಯವನ್ನು ಈ ಹಾಡುಗಳಲ್ಲಿ ಹುಡುಕಿದರು ಎಂಬ ಅವರ ವಿವರಣೆ ಒಪ್ಪುವಂಥದ್ದೇ. ಆ ಸಣ್ಣ ಊರಿನ ಚಿತ್ರದಿಂದ ಯಾರನ್ನು ಅಳಿಸಲಾಗಿತ್ತು ಎಂಬುದನ್ನೂ ಅವರು ಬಿಡುವುದಿಲ್ಲ. ಲಿನ್ ಅಬ್ಬಾಟ್ 1992ರಲ್ಲಿ ‘ಅಮೆರಿಕನ್ ಮ್ಯೂಸಿಕ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಶೈಲಿಯ ಬೇರು ಕಪ್ಪು ಸಮುದಾಯದಲ್ಲಿದೆ ಎಂದು ಸಾಕ್ಷ್ಯಗಳ ರಾಶಿಯೊಂದಿಗೆ ವಾದಿಸಿತ್ತು. ಜೇಮ್ಸ್ ವೆಲ್ಡನ್ ಜಾನ್ಸನ್ 1920ರ ದಶಕದಲ್ಲೇ ತಮ್ಮ ಊರಾದ ಜ್ಯಾಕ್ಸನ್‌ವಿಲ್‌ನ ಕಪ್ಪು ಕ್ಷೌರಿಕರ ಅಂಗಡಿಗಳ ಹಾಡುಗಾರಿಕೆಯನ್ನು ನೆನೆದಿದ್ದರು. ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿ ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಕ್ವಾರ್ಟೆಟ್ ಹಾಡಿದವನು. ಆದರೆ 1941ರಲ್ಲಿ, ನ್ಯೂಯಾರ್ಕ್ ನಗರದ ಸ್ಪರ್ಧೆ ಗೆದ್ದ ‘ಗ್ರ್ಯಾಂಡ್ ಸೆಂಟ್ರಲ್ ರೆಡ್ ಕ್ಯಾಪ್ಸ್’ ಎಂಬ ಕಪ್ಪು ಗಾಯಕರ ತಂಡಕ್ಕೆ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂದು ಸಂಘ ಹೇಳಿತು. ರೈಲು ನಿಲ್ದಾಣದ ಹಮಾಲರು ಅವರು. ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ಮಾಜಿ ಗವರ್ನರ್ ಆಲ್ ಸ್ಮಿತ್ ಮತ್ತು ರಾಬರ್ಟ್ ಮೋಸೆಸ್ ಇದ್ದರು.

ಇಲ್ಲಿ ನನಗೆ ಹಳಹಳಿಕೆಯ ವಿವರಣೆ ಸಾಲದು ಅನ್ನಿಸುತ್ತದೆ. ಟಲ್ಸಾದ ಆ ಮೊದಲ ಸಂಜೆಯನ್ನೇ ನೋಡಿ. ಹೊರಗಿಡುವ ನಿಯಮದ ಅಗತ್ಯವೇ ಅಲ್ಲಿರಲಿಲ್ಲ. ಪತ್ರ ಹೋದದ್ದು ಗುರುತಿನವರಿಗೆ. ಗೆಳೆಯರು ಗೆಳೆಯರನ್ನು ಕರೆತಂದರು. ಅದೇ ಟಲ್ಸಾದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ರೈಲು ಹಳಿಯ ಆಚೆ ಗ್ರೀನ್‌ವುಡ್ ಇತ್ತು. 17 ವರ್ಷಗಳ ಹಿಂದೆ, 1921ರಲ್ಲಿ, ಬಿಳಿಯರ ಗುಂಪು ಸುಟ್ಟು ಹಾಕಿದ ಕಪ್ಪು ಜನರ ಬಡಾವಣೆ. ಅಲ್ಲಿಯವರು ಮತ್ತೆ ಕಟ್ಟಿಕೊಂಡಿದ್ದರು. ಹಳಿ ದಾಟಿ ಆ ಮಹಡಿಗೆ ಬರಲು ಅವರನ್ನು ಯಾರೂ ತಡೆಯಬೇಕಾಗಿರಲಿಲ್ಲ, ಏಕೆಂದರೆ ಯಾರೂ ಕರೆದಿರಲಿಲ್ಲ. ‘ನಾವು ನಾವೇ ಸೇರಿ ಹಾಡುತ್ತೇವೆ, ನಿಯಮಗಿಯಮ ಇಲ್ಲ’ ಎನ್ನುವ ಮಾತಿನಲ್ಲಿ ಆ ‘ನಾವು’ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮ ಊರುಗಳ ಭಜನೆ ಮನೆಗಳಲ್ಲೂ ಬಾಗಿಲಿಗೆ ಫಲಕ ಇರುವುದಿಲ್ಲ. ಯಾರು ಜಗುಲಿಯವರೆಗೆ, ಯಾರು ಒಳಗೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಆದ್ದರಿಂದಲೇ ವುಡ್‌ಶೆಡ್ಡಿಂಗ್‌ನ ಪರವಾಗಿ, ಸಂಘದ ಕಾಗದಪತ್ರಗಳ ವಿರುದ್ಧವಾಗಿ ಸಲೀಸಾಗಿ ತೀರ್ಪು ಕೊಡಲು ನನಗೆ ಮನಸ್ಸಾಗುವುದಿಲ್ಲ. ಕಪ್ಪು ಗಾಯಕರಿಗೆ ಸದಸ್ಯತ್ವ ತೆರೆದದ್ದು 1963ರಲ್ಲಿ, ಹೆಂಗಸರಿಗೆ 2018ರಲ್ಲಿ. ಎರಡೂ ನಾಚಿಕೆಯಾಗುವಷ್ಟು ತಡ. ಹೆಂಗಸರು ಕಾಯುತ್ತಾ ಕೂರಲಿಲ್ಲ ಎಂಬುದು ಬೇರೆ. ಅದೇ ಟಲ್ಸಾದಲ್ಲಿ 1945ರಲ್ಲಿ ‘ಸ್ವೀಟ್ ಅಡೆಲಿನ್ಸ್’ ಕಟ್ಟಿಕೊಂಡರು. ಆದರೆ ಎರಡು ಸಲವೂ ಬಾಗಿಲು ತೆರೆದದ್ದು ಸ್ವರಮೇಳದ ಸುಖ ಅಲ್ಲ. ಸಭೆ, ನಿರ್ಣಯ, ಬರವಣಿಗೆಯಲ್ಲಿದ್ದ ಒಂದು ನಿಯಮ. ಹಾಡಿಗೆ ಹಾಳೆ ಬೇಡ ಎನ್ನುವವರು ಬಾಗಿಲಿಗೂ ಹಾಳೆ ಬೇಡ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅವು ಬೇರೆ ಬೇರೆ ಹಾಳೆಗಳು.

1957ರ ಬ್ರಾಡ್‌ವೇ ನಾಟಕ ‘ದ ಮ್ಯೂಸಿಕ್ ಮ್ಯಾನ್’ನಲ್ಲಿ, ಸದಾ ಕಚ್ಚಾಡುವ ಶಾಲಾ ಮಂಡಳಿಯ ನಾಲ್ವರನ್ನು ಊರಿಗೆ ಬಂದ ಮೋಸಗಾರನೊಬ್ಬ ಕ್ಷಣದಲ್ಲಿ ಬಾರ್ಬರ್‌ಶಾಪ್ ಕ್ವಾರ್ಟೆಟ್ ಮಾಡಿಬಿಡುತ್ತಾನೆ. ಆ ನಾಲ್ವರ ಪಾತ್ರ ಮಾಡಿದ್ದು 1950ರ ಚಾಂಪಿಯನ್ನರಾದ ‘ಬಫಲೋ ಬಿಲ್ಸ್’ ತಂಡ. ಅಲ್ಲಿಂದ ಮುಂದೆ ಅವರು ಜಗಳ ಮರೆತು ಹಾಡುತ್ತಲೇ ಇರುತ್ತಾರೆ. ಪ್ರೇಕ್ಷಕರು ನಗುತ್ತಾರೆ, ಸಾಮರಸ್ಯದ ಪವಾಡ ಎಂದುಕೊಳ್ಳುತ್ತಾರೆ. ನಾಟಕದ ಹಿಕಮತ್ತು ಬೇರೆಯೇ: ಮೋಸಗಾರನ ಅರ್ಹತಾಪತ್ರ ಕೇಳಲು ಬಂದವರು ಅವರು. ಹಾಡುವುದರಲ್ಲಿ ಮುಳುಗಿ ಕೇಳುವುದನ್ನೇ ಮರೆಯುತ್ತಾರೆ.

ಆದರೂ ಆ ವೃತ್ತದ ಕಡೆಗೆ ನನ್ನ ಕಿವಿ ಹೋಗುತ್ತದೆ. ಇವತ್ತು ಇಂಥ ಕೂಟಗಳ ಧ್ವನಿಮುದ್ರಿಕೆಗಳನ್ನು ಕೇಳುವಾಗ ನನಗೆ ಹಿಡಿಸುವುದು ಹಾಡು ಕೂಡಿಬಂದ ಕ್ಷಣಕ್ಕಿಂತ ಅದರ ಹಿಂದಿನ ಕ್ಷಣ. ಬ್ಯಾರಿಟೋನ್ ಒಂದು ಸ್ವರ ಹಿಡಿದು ತಪ್ಪೆಂದು ತಿಳಿದು ಜಾರುತ್ತಾನೆ, ಅಷ್ಟರಲ್ಲಿ ಬೇಸ್ ಅವನಿಗೆ ಜಾಗ ಬಿಟ್ಟು ಕೆಳಗಿಳಿದಿರುತ್ತಾನೆ, ಲೀಡ್ ಮುಂದಿನ ಪದಕ್ಕೆ ಹೋಗದೆ ಸ್ವರವನ್ನು ಎಳೆದು ಹಿಡಿದು ನಿಲ್ಲುತ್ತಾನೆ. ಅವನಿಗೆ ಸ್ವರ ಸಿಗುವವರೆಗೆ ಮೂವರೂ ಅಲ್ಲೇ ಕಾಯುತ್ತಾರೆ.